ಕೊನೆಯ ಕೈ

ನಮ್ಮೂರಿನ ನಡುವೆ ಹಾಸುಗಲ್ಲಿನ ಓಣಿಯೊಂದಿದೆ. ಅದರ ಪಡುವಣಕ್ಕೆ ಬೇರುಕೇರಿ, ಮೂಡಣಕ್ಕೆ ತುದಿಕೇರಿ. ಎರಡೂ ಕಡೆ ಒಂದೇ ಮಾತು, ಒಂದೇ ರೊಟ್ಟಿ, ಒಂದೇ ದೇವರು. ಯಾರಾದರೂ ಅಕಾಲದಲ್ಲಿ ಸತ್ತಾಗ ಮಾತ್ರ ಊರು ಎರಡಾಗುತ್ತದೆ. ಬೇರುಕೇರಿಯ ನ್ಯಾಯದ ಕಟ್ಟೆಯಲ್ಲಿ ಹಿರಿಯರು ‘ಅದಕ್ಕಿಂತ ಮೊದಲು?’ ಎಂದು ಕೇಳುತ್ತ ಕೇಳುತ್ತ ಹಿಂದಕ್ಕೆ ಹೋಗುತ್ತಾರೆ. ಇನ್ನು ಹಿಂದೆ ಹೋಗಲು ದಾರಿಯಿಲ್ಲ ಎನ್ನುವಲ್ಲಿ ಯಾರು ನಿಂತಿರುತ್ತಾರೋ ಆ ಸಾವಿಗೆ ಅವರೇ ಕಾರಣ. ತುದಿಕೇರಿಯ ಕಟ್ಟೆಯಲ್ಲಿ ಕೇಳುವುದು ಒಂದೇ ಪ್ರಶ್ನೆ: ‘ಕೊನೆಯ ಕೈ ಯಾರದು?’ ಯಾವ ಕಟ್ಟೆ ಸೇರಬೇಕೆಂಬುದನ್ನು ಉಸಿರು ನಿಂತ ಜಾಗ ತೀರ್ಮಾನಿಸುತ್ತದೆ. ಪೆಟ್ಟು ಎಲ್ಲಿ ಬಿತ್ತು ಎಂದು ಯಾರೂ ಕೇಳುವುದಿಲ್ಲ.

ಕಾರಣವೆಂದು ಹೆಸರು ಬಂದವರು ಸತ್ತವರ ಜಾಗ ತುಂಬಬೇಕು. ಸತ್ತವರ ಮನೆಯಲ್ಲಿ ಇರಬೇಕು, ಅವರ ಕೆಲಸ ಮಾಡಬೇಕು, ಅವರ ಮಕ್ಕಳನ್ನು ಸಾಕಬೇಕು. ಕೊನೆಯ ಮಗು ತನ್ನ ಕಾಲ ಮೇಲೆ ನಿಲ್ಲುವವರೆಗೆ ಸ್ವಂತ ಮನೆಯ ಹೊಸ್ತಿಲು ತುಳಿಯುವಂತಿಲ್ಲ. ಬೀದಿಯಲ್ಲಿ, ಬಾವಿಕಟ್ಟೆಯಲ್ಲಿ ತಮ್ಮವರನ್ನು ಕಂಡರೆ ಮಾತಾಡಬಹುದು, ಅಷ್ಟೇ.

ನಾನು ಹುಟ್ಟಿದ್ದು ಬೇರುಕೇರಿಯಲ್ಲಿ. ಅಲ್ಲಿ ಯಾರೂ ಯಾವುದನ್ನೂ ಮೊದಲು ಮಾಡುವುದಿಲ್ಲ. ಬಾಗಿಲಿಗೆ ಬಂದವರಿಗೆ ‘ಊಟಕ್ಕೆ ಬಾ’ ಎನ್ನುವುದಿಲ್ಲ, ‘ಒಲಿ ಮ್ಯಾಲ ಅನ್ನ ಐತಿ’ ಎಂದು ಎತ್ತಲೋ ನೋಡುತ್ತ ಹೇಳುತ್ತಾರೆ. ಕುಡಗೋಲು ಬೇಕಾದವರು ಕೇಳದೆ ತೆಗೆದುಕೊಂಡು ಹೋಗಲಿ ಎಂದು ಹೊರಗೆ ಗೋಡೆಗೆ ಸಿಕ್ಕಿಸಿಟ್ಟಿರುತ್ತಾರೆ. ಮದುವೆಯಾಗಿ ತುದಿಕೇರಿಗೆ ಬಂದಾಗ ಎಲ್ಲ ತಿರುಗುಮುರುಗಾಯಿತು. ಇಲ್ಲಿ ಶುರು ಮಾಡಲು ಯಾರೂ ಅಂಜುವುದಿಲ್ಲ, ಮುಗಿಸಲು ಅಂಜುತ್ತಾರೆ. ಸೂಲಗಿತ್ತಿ ಹೊಕ್ಕುಳಬಳ್ಳಿ ಕೊಯ್ಯುವ ಕತ್ತಿಯನ್ನು ತಾಯಿಯ ಕೈಗೇ ಕೊಡುತ್ತಾಳೆ. ಗಾಡಿಗೆ ಕೊನೆಯ ಚೀಲ ಹೇರುವಾಗ ನಾಲ್ಕು ಮಂದಿ ಒಟ್ಟಿಗೆ ಕೈ ಹಾಕುತ್ತಾರೆ. ಮೊದಮೊದಲು ನಾನು ಬಾಗಿಲು ಹಾಕಿಕೊಂಡರೆ ಅತ್ತೆ ಎದ್ದು ಬಂದು, ತುಸು ತೆರೆದು, ನನ್ನ ಕೈಯನ್ನೂ ತನ್ನ ಕೈಯನ್ನೂ ಕೂಡಿಸಿ ಮತ್ತೆ ಹಾಕುತ್ತಿದ್ದಳು. ಬರಬರುತ್ತ ಅದು ನನಗೂ ರೂಢಿಯಾಯಿತು. ಅತ್ತೆ ತೀರಿಹೋದ ಮೇಲೆ ನಾನು ನನ್ನ ಗಂಡ ಶಿವಪುತ್ರನನ್ನು ಕರೆದು ಅವನ ಕೈ ಕೂಡಿಸಿಯೇ ಬಾಗಿಲು ಹಾಕುತ್ತಿದ್ದೆ. ನಮಗೆ ಮಕ್ಕಳಿರಲಿಲ್ಲ.

ಶಿವಪುತ್ರ ಬಾವಿಗಳ ರಾಟೆ ತಿರುಗಿಸುವ ಕೆಲಸ ಮಾಡುತ್ತಿದ್ದ. ಮಳೆಗಾಲಕ್ಕೆ ಮುಂಚೆ ಊರಿನ ಬಾವಿಗಳ ಹೂಳು ತೆಗೆಯಬೇಕು. ಕೆಳಗಿಳಿಯುವವನು ದ್ಯಾಮಣ್ಣ. ನಮ್ಮ ಓಣಿಯ ಆ ತುದಿಗೆ ಅವನ ಮನೆ. ಅವನ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿ, ಕೆಸರಿನ ಬುಟ್ಟಿ ಎಳೆದು, ಕೊನೆಗೆ ಅವನನ್ನೂ ಎಳೆದುಕೊಳ್ಳುವವನು ಶಿವಪುತ್ರ. ಆ ಹಗ್ಗ ಹೊಸೆದವನು ನನ್ನ ಅಪ್ಪ ಮುರಿಗೆಪ್ಪ. ಬೇರುಕೇರಿಯಲ್ಲಿ ಪುಂಡಿನಾರಿನ ಹಗ್ಗ ಹೊಸೆಯುವವರಲ್ಲಿ ಅಪ್ಪನೇ ಹಿರಿಯ. ಹೀಗೆ ಆ ಮೂವರೂ ಒಂದೇ ಹಗ್ಗಕ್ಕೆ ಬಿದ್ದವರು.

ಆ ಸಲ ಅವರು ಎಮ್ಮೆಬಾವಿಯ ಹೂಳು ತೆಗೆಯುತ್ತಿದ್ದರು. ಕೆಲಸ ಮುಗಿಸಿ ದ್ಯಾಮಣ್ಣ ಮೇಲೆ ಬರುತ್ತಿದ್ದಾಗ, ಅವನಿನ್ನೂ ನಡುಬಾವಿಯಲ್ಲಿದ್ದಾಗಲೇ, ಹಗ್ಗದ ಒಂದು ಎಳೆ ಬಿಟ್ಟಿದ್ದನ್ನು ಶಿವಪುತ್ರ ನೋಡಿದ. ನೋಡಿದವನೇ ಜೋರಾಗಿ ಎಳೆಯತೊಡಗಿದ. ಒಳಗಿನಿಂದ ದ್ಯಾಮಣ್ಣ ಏನೋ ಕೂಗಿದ. ಇನ್ನೇನು ಕಟ್ಟೆಗೆ ಕೈ ಸಿಗಬೇಕು ಎನ್ನುವಾಗ ಹಗ್ಗ ಹರಿಯಿತು. ದ್ಯಾಮಣ್ಣ ಬಾವಿಯ ಅಷ್ಟೂ ಆಳಕ್ಕೆ ಬಿದ್ದ. ಮೇಲೆ ತೆಗೆದಾಗ ಜೀವವಿತ್ತು, ಸೊಂಟದ ಕೆಳಗೆ ಸ್ವಾಧೀನವಿರಲಿಲ್ಲ. ನಾಡಿ ನೋಡಿದ ವೈದ್ಯ ಇದು ಉಳಿಯುವ ಜೀವವಲ್ಲ ಎಂದು ಹೇಳಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತ.

ಅಂದೇ ಊರಲ್ಲಿ ಮಾತು ಶುರುವಾಯಿತು. ನಡುಬಾವಿಯಲ್ಲೇ ನಿಲ್ಲಿಸಿದ್ದರೆ ದ್ಯಾಮಣ್ಣ ಗೋಡೆಯ ಮೆಟ್ಟುಗಲ್ಲು ಹಿಡಿದು ನಿಲ್ಲುತ್ತಿದ್ದ ಎಂದರು ಕೆಲವರು. ನಿಲ್ಲಿಸಿದ್ದರೂ ಅಲ್ಲೇ ಹರಿಯುತ್ತಿತ್ತು ಎಂದರು ಇನ್ನು ಕೆಲವರು. ನಾರು ಸರಿಯಾಗಿ ನೆನೆದಿರಲಿಲ್ಲವಂತೆ, ಹೋದ ವರ್ಷದ್ದಂತೆ ಎಂಬ ಮಾತೂ ಬಂತು. ಮಾತೆಲ್ಲ ಸುತ್ತಿ ಬಳಸಿ ಒಂದೇ ಕಡೆಗೆ ಬರುತ್ತಿತ್ತು. ದ್ಯಾಮಣ್ಣ ತನ್ನ ಮನೆಯಲ್ಲಿ, ಅಂದರೆ ತುದಿಕೇರಿಯಲ್ಲಿ ಉಸಿರು ಬಿಟ್ಟರೆ ಕೊನೆಯ ಕೈ ನನ್ನ ಗಂಡನದು. ಅವನ ಹೆಂಡತಿ ಲಗಮವ್ವನ ತವರು ಬೇರುಕೇರಿಯಲ್ಲಿತ್ತು. ಅಲ್ಲಿಗೆ ಹೊತ್ತುಕೊಂಡು ಹೋದರೆ, ಅಲ್ಲಿ ಉಸಿರು ನಿಂತರೆ, ಹಗ್ಗದ ಹಿಂದೆ ಹೋಗಿ ನನ್ನ ಅಪ್ಪನ ಹೆಸರು ಬರುತ್ತದೆ. ಸಾಯುವವರ ಮಂಚ ಎತ್ತುವ ಅಧಿಕಾರ ಮನೆಯವರಿಗೆ ಮಾತ್ರ. ಹೀಗಾಗಿ ಎಲ್ಲವೂ ಲಗಮವ್ವನ ಕೈಯಲ್ಲಿತ್ತು.

ಮಾರನೆಯ ಬೆಳಿಗ್ಗೆ ಅಪ್ಪ ಓಣಿ ದಾಟಿ ನಮ್ಮ ಮನೆಗೆ ಬಂದ. ನನ್ನ ಮದುವೆಯಾದ ಮೇಲೆ ಕರೆಯದೆ ಅವನು ಬಂದದ್ದು ಅದೇ ಮೊದಲು. ಶಿವಪುತ್ರ ಮೂಲೆಯಲ್ಲಿ ಮೊಣಕಾಲಿಗೆ ಗದ್ದ ಇಟ್ಟುಕೊಂಡು ಕೂತಿದ್ದ. ಹೊರಗೆ ಹೋಗಿರಲಿಲ್ಲ, ಉಂಡಿರಲಿಲ್ಲ. ಅಪ್ಪ ಅವನ ಎದುರಿಗೆ ಕೂತು ಬಹಳ ಹೊತ್ತು ತನ್ನ ಅಂಗೈ ನೋಡಿಕೊಂಡ. ಹಗ್ಗ ಕೊಡುವಾಗ ಇದು ನೀರಿನ ಕೊಡ ಎಳೆಯಲು ಸಾಕು, ಆಳನ್ನು ಇಳಿಸಲು ಬೇಡ ಎಂದು ಹೇಳಿದ್ದೆನೋ ಇಲ್ಲವೋ ನೆನಪಿಗೆ ಬರುತ್ತಿಲ್ಲ ಎಂದ. ಹೇಳಬೇಕೆಂದುಕೊಂಡದ್ದು ನೆನಪಿದೆಯಂತೆ, ಹೇಳಿದ್ದು ನೆನಪಿಲ್ಲವಂತೆ. ಶಿವಪುತ್ರನಿಗೂ ಕೇಳಿದ ನೆನಪಿರಲಿಲ್ಲ.

“ನಾ ಮುದುಕ ಅದೀನಿ. ಇನ್ನೆಷ್ಟು ದಿನ ಇರತೀನಿ? ಅವನ್ನ ನಮ್ಮ ಕಡೆ ಒಯ್ಯಲಿ. ನಾ ಹೋಗತೀನಿ ಅವರ ಮನಿಗೆ,” ಎಂದ ಅಪ್ಪ.

ಶಿವಪುತ್ರ ತಲೆ ಎತ್ತಿದ. “ಮಾವಾ, ಇಲ್ಲಿ ಸತ್ತರ ನಾ ಕೊಂದಂಗ, ಅಲ್ಲಿ ಸತ್ತರ ನೀವು ಕೊಂದಂಗ. ಸಾಯಾಂವ ಒಬ್ಬನ ಅಲ್ಲ? ಖರೇ ಹೇಳ್ರಿ, ನಾ ಕೊಂದೀನೋ ಇಲ್ಲೋ?”

ಅಪ್ಪ ಅವನನ್ನು ಹೆದರಿದವನ ಹಾಗೆ ನೋಡಿದ. ನಮ್ಮೂರಲ್ಲಿ ಆ ಪ್ರಶ್ನೆಯನ್ನು ಮಕ್ಕಳು ಕೇಳುತ್ತಾರೆ, ಬೈಸಿಕೊಂಡು ಬಿಡುತ್ತಾರೆ. ಬೆಳೆದವರು ಕೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಅಪ್ಪ ಲಗಮವ್ವನ ಮನೆಗೆ ಹೋಗಿ ಅಂಗಳದ ಹೊರಗೇ ನಿಂತು ಬೇಡಿಕೊಂಡ. ನಾನೂ ಜೊತೆಗಿದ್ದೆ. ಅವಳು ಬಾಗಿಲ ಚೌಕಟ್ಟಿಗೆ ಒರಗಿ ಎಲ್ಲವನ್ನೂ ಕೇಳಿಸಿಕೊಂಡಳು. ಅವಳ ಹಿಂದೆ ಇಬ್ಬರು ಹೆಣ್ಣುಮಕ್ಕಳಿದ್ದರು, ದೊಡ್ಡವಳು ನಿಂಬೆವ್ವ, ಇನ್ನೂ ತೊದಲು ಮಾತಾಡುತ್ತಿದ್ದ ಕಸ್ತೂರಿ. ಲಗಮವ್ವ ಸಿಟ್ಟಾಗಲಿಲ್ಲ, ಅಳಲೂ ಇಲ್ಲ. ಮುದುಕನನ್ನು ಕಟ್ಟಿಕೊಂಡು ತಾನೇನು ಮಾಡಲಿ, ಅವನಿಗೂ ತಾನೇ ಗಂಜಿ ಕಾಯಿಸಬೇಕಾಗುತ್ತದೆ ಎಂದಳು. ಬಾವಿಗೆ ಇಳಿಯುವ ಆಳು ಬೇಕು ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು.

“ನಿನಗ ಮಕ್ಕಳಿಲ್ಲ. ನನಗ ಎರಡು ಅದಾವ. ನೀ ನನ್ನ ಜಾಗಾದಾಗ ಇದ್ದರ ಮಂಚ ಎತ್ತತಿದ್ದೇನು?”

ಅಪ್ಪ ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡು ಹಿಂತಿರುಗಿದ. ಓಣಿ ದಾಟುವಾಗ, ಅವಳು ಹೇಳಿದ್ದು ಸರಿ ಇದೆ ಎಂದ.

ದ್ಯಾಮಣ್ಣ ಕೂಡಲೇ ಸಾಯಲಿಲ್ಲ. ಅವನ ಮಂಚದ ತಲೆದೆಸೆಗೆ ಎರಡೂ ಕೇರಿಗಳಿಂದ ಒಬ್ಬೊಬ್ಬರು ಉಸಿರುಗಾವಲಿನವರು ಅವನ ಮೂಗಿನ ಮುಂದೆ ಹತ್ತಿಯ ಎಳೆ ಹಿಡಿದು ಕೂತಿದ್ದರು. ಕಾರಣ ಆಗಬಹುದಾದವರು ಆ ಮನೆಯ ಅಂಗಳಕ್ಕೂ ಕಾಲಿಡಬಾರದು. ಶಿವಪುತ್ರ ಓಣಿಯ ಈ ತುದಿಯಿಂದ ಆ ಮನೆಯ ಮಾಡನ್ನು ನೋಡುತ್ತ ನಿಲ್ಲುತ್ತಿದ್ದ. ಅವನಿಗೆ ದ್ಯಾಮಣ್ಣನ ಹತ್ತಿರ ಒಂದು ಮಾತು ಕೇಳಬೇಕಿತ್ತು. ಎಳೆ ಬಿಟ್ಟದ್ದು ಕೆಳಗಿದ್ದವನಿಗೂ ಕಂಡಿತ್ತೆ? ಅವನು ‘ಎಳೆ’ ಎಂದು ಕೂಗಿದನೆ, ‘ನಿಲ್ಲಿಸು’ ಎಂದು ಕೂಗಿದನೆ? ಬಾವಿಯೊಳಗಿನ ಕೂಗು ಮೇಲೆ ಬರುವಷ್ಟರಲ್ಲಿ ಬರೀ ಸದ್ದಾಗಿರುತ್ತದೆ. ನಾನು ಹೋಗಿ ಕೇಳಿಕೊಂಡು ಬರುತ್ತೇನೆ ಎಂದೆ. ಹೆಂಗಸರು ರೊಟ್ಟಿ ಒಯ್ಯುವ ನೆಪದಲ್ಲಿ ಒಳಗೆ ಹೋಗಬಹುದಿತ್ತು. ಶಿವಪುತ್ರ ಬೇಡವೆನ್ನಲಿಲ್ಲ.

ಮಧ್ಯಾಹ್ನ ರೊಟ್ಟಿ ಬುಟ್ಟಿ ಹೊತ್ತು ಹೋದೆ. ಒಳಗೆ ಬೇಗೆ. ಗಾವಲಿನ ಇಬ್ಬರೂ ಬೆವರುತ್ತ ಕೂತಿದ್ದರು. ತುದಿಕೇರಿಯ ಮನೆಗಳಲ್ಲಿ ಸಾಯುವವರ ಬಾಯಿಗೆ ಯಾರೂ ನೀರು ಬಿಡುವುದಿಲ್ಲ. ಕುಡಿದ ಮೇಲೆ ಉಸಿರು ನಿಂತರೆ ಕೊನೆಯ ಕೈ ಯಾರದಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದಕ್ಕೆ ಸಣ್ಣ ತೂತಿನ ಗಡಿಗೆಯೊಂದನ್ನು ಜಂತಿಗೆ ಕಟ್ಟಿ, ಮನುಷ್ಯ ಗಟ್ಟಿಯಾಗಿರುವಾಗಲೇ ತುಂಬಿಸಿಟ್ಟು, ಬಾಯಿಯ ನೇರಕ್ಕೆ ಬರುವಂತೆ ಮಂಚ ಹಾಕುತ್ತಾರೆ. ನೀರು ಇರುವವರೆಗೆ ಹನಿ ಬೀಳುತ್ತದೆ. ಮುಗಿದ ಮೇಲೆ ತುಂಬುವ ಕೈ ಇರುವುದಿಲ್ಲ. ದ್ಯಾಮಣ್ಣನ ಗಡಿಗೆ ಒಣಗಿತ್ತು. ಅವನ ನಾಲಗೆ ಹೊರಗೆ ಬಂದು ಬಂದು ಒಳಗೆ ಹೋಗುತ್ತಿತ್ತು. ಲಗಮವ್ವ ಗೋಡೆಯ ಕಡೆ ಮುಖ ಮಾಡಿ, ಸೆರಗಿನಿಂದ ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದಳು. ಅವಳೇ ಕೊಟ್ಟರೆ ಗಂಡನ ಜಾಗ ಅವಳೇ ತುಂಬಬೇಕಾಗುತ್ತದೆ, ಮಕ್ಕಳಿಗೆ ಯಾರೂ ಬರುವುದಿಲ್ಲ. ಅವಳು ಹಾಗೆ ಕೂತು ಎಷ್ಟು ಹೊತ್ತಾಗಿತ್ತೋ ನನಗೆ ತಿಳಿಯದು.

ನಾನು ಮಂಚದ ಪಕ್ಕ ಬಗ್ಗಿ, ಕೇಳಬೇಕೆಂದು ಬಂದದ್ದನ್ನು ಕೇಳಿದೆ. ದ್ಯಾಮಣ್ಣ ಕಣ್ಣು ಬಿಟ್ಟ. ನಾನು ಏನು ಕೇಳಿದೆ ಎಂಬುದು ಅವನ ತಲೆಗೆ ಹತ್ತಲಿಲ್ಲ.

“ಅಕ್ಕಾ,” ಎಂದ, “ನೀರು.”

ಮೂಲೆಯಲ್ಲಿ ಕೊಡವಿತ್ತು. ಅದರ ಬಾಯಿಗೆ ತಂಬಿಗೆ ಮುಚ್ಚಿತ್ತು. ನಾನು ಎದ್ದು ಹೋಗಿ ತುಂಬಿಕೊಂಡು ಬಂದೆ. ಬೇರುಕೇರಿಯ ಗಾವಲಿನವನು ಏನೋ ಹೇಳಲು ಬಾಯಿ ತೆರೆದ, ಇನ್ನೊಬ್ಬ ಅವನ ಮೊಣಕೈ ಹಿಡಿದ. ನಾನು ದ್ಯಾಮಣ್ಣನ ಕತ್ತಿನ ಕೆಳಗೆ ಕೈ ಕೊಟ್ಟು ಎತ್ತಿ ಕುಡಿಸಿದೆ. ಅರ್ಧ ಹೊರಗೆ ಚೆಲ್ಲಿತು. ಉಳಿದದ್ದನ್ನು ಗುಟುಕು ಗುಟುಕಾಗಿ ಕುಡಿದ. ತುಟಿ ಅಲುಗಾಡಿಸಿ ನನ್ನೊಬ್ಬಳಿಗೇ ಕೇಳುವಂತೆ ಏನೋ ಅಂದ, ನಾನೂ ಮೆಲ್ಲಗೆ ಉತ್ತರ ಕೊಟ್ಟೆ. ತಲೆಯನ್ನು ಮತ್ತೆ ದಿಂಬಿಗಿಟ್ಟೆ. ಸ್ವಲ್ಪ ಹೊತ್ತು ಹತ್ತಿಯ ಎಳೆ ಅಲುಗಾಡುತ್ತಿತ್ತು. ಆಮೇಲೆ ನಿಂತಿತು.

ತುದಿಕೇರಿಯ ಕಟ್ಟೆ ಸಂಜೆಯೇ ಸೇರಿತು. ಕಟ್ಟೆಯ ಹಿರಿಯ ಪಾರಿಸಣ್ಣ ಒಳ್ಳೆಯ ಮನುಷ್ಯ, ನನ್ನ ಮದುವೆಯಲ್ಲಿ ಅಕ್ಷತೆ ಹಾಕಿದವನು. ಕೊನೆಯ ಕೈ ಯಾರದು ಎಂದು ಕೇಳಿದ. ಗಾವಲಿನವರು ನನ್ನ ಕಡೆ ನೋಡಿದರು. ನನ್ನದು ಎಂದೆ. ಶಿವಪುತ್ರ ಜನರನ್ನು ತಳ್ಳಿಕೊಂಡು ಮುಂದೆ ಬಂದು, ಅವಳು ನೀರು ಕೊಟ್ಟಳು, ಬೀಳಿಸಿದವನು ನಾನು, ಸೊಂಟ ಮುರಿದದ್ದು ನೀರಿನಿಂದ ಏನು ಎಂದು ಕೇಳಿದ. ಪಾರಿಸಣ್ಣ ಅವನ ಹೆಗಲ ಮೇಲೆ ಕೈ ಇಟ್ಟ.

“ತಮ್ಮಾ, ಈ ಕಟ್ಟಿ ಮ್ಯಾಲ ‘ಯಾಕ’ ಅನ್ನೋ ಮಾತಿಗೆ ಜಾಗ ಇಲ್ಲ. ಜಾಗ ಕೊಟ್ಟರ ಆ ಮಾತು ಎಲ್ಲಿ ಹೋಗಿ ನಿಲ್ಲತದ ಅಂತ ನನಗ ಗೊತ್ತಿಲ್ಲ. ನಿನಗ ಗೊತ್ತದ ಏನು?”

ಅವತ್ತೇ ನಾನು ಲಗಮವ್ವನ ಮನೆಗೆ ಹೋದೆ. ಉಟ್ಟ ಸೀರೆಯಲ್ಲಿ ಹೋದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಗಂಡಾಳು ಕೇಳಿದ್ದೆ, ಹೆಣ್ಣು ಬಂತು ಎಂದಳು. ಆಮೇಲೆ ದ್ಯಾಮಣ್ಣ ಮಲಗುತ್ತಿದ್ದ ಜಾಗ ತೋರಿಸಿದಳು. ಜಾಗ ತುಂಬಲು ಬಂದವರನ್ನು ಮಕ್ಕಳು ಸತ್ತವರನ್ನು ಕರೆಯುತ್ತಿದ್ದ ಹಾಗೆಯೇ ಕರೆಯಬೇಕು, ಅದು ಪದ್ಧತಿ. ನಿಂಬೆವ್ವ ಬಹಳ ದಿನ ನನ್ನನ್ನು ಏನೂ ಕರೆಯಲಿಲ್ಲ. ಕಸ್ತೂರಿಗೆ ಅದೆಲ್ಲ ತಿಳಿಯದು. ಮರುದಿನ ಬೆಳಿಗ್ಗೆ ನನ್ನ ಸೆರಗು ಎಳೆದು “ಅಪ್ಪಾ, ಹಸಿವು” ಎಂದಳು. ಒಲೆಯ ಮುಂದಿದ್ದ ಲಗಮವ್ವ ಎದ್ದು ಹಿತ್ತಿಲಿಗೆ ಹೋದಳು.

ದ್ಯಾಮಣ್ಣನ ಕೆಲಸ ನನ್ನ ಕೆಲಸವಾಯಿತು. ಸೀರೆಯನ್ನು ಕಚ್ಚೆ ಹಾಕಿ, ಸೊಂಟಕ್ಕೆ ಹಗ್ಗ ಬಿಗಿದು ಬಾವಿಗೆ ಇಳಿಯುವುದನ್ನು ಕಲಿತೆ. ಮೊದಲ ಸಲ ಇಳಿದಾಗ ಕೆಳಗಿನ ಕತ್ತಲೆಗಿಂತ ಮೇಲಿನ ಬೆಳಕು ಹೆದರಿಕೆ ಹುಟ್ಟಿಸಿತು, ಬಳೆಯಷ್ಟೇ ಚಿಕ್ಕದಾಗಿತ್ತು ಅದು. ಕೆಸರಿನಲ್ಲಿ ತೊಡೆಯವರೆಗೆ ಹುಗಿದು ನಿಂತು ಬುಟ್ಟಿ ತುಂಬಿಸಬೇಕು. ಬುಟ್ಟಿಗೆ ಬೇರೆ ಹಗ್ಗ, ಅದನ್ನು ಜಗ್ಗಿದರೆ ಬುಟ್ಟಿ ಮೇಲೆ ಹೋಗುತ್ತದೆ. ಹಗ್ಗ ಅಪ್ಪ ಹೊಸ ನಾರಿನಲ್ಲಿ ಹೊಸೆದು ಕಳಿಸಿದ್ದು. ರಾಟೆ ಹಿಡಿದವನು ಶಿವಪುತ್ರ. ಮೊದಲು ತಾನು ಬರುವುದಿಲ್ಲ ಎಂದಿದ್ದ. ಆಮೇಲೆ ಬೇರೆಯವರು ಹಿಡಿಯುವುದನ್ನು ನೋಡಲಾರದೆ ತಾನೇ ಬಂದ.

ನಾವು ಗಂಡ ಹೆಂಡತಿ ಭೇಟಿಯಾಗುತ್ತಿದ್ದದ್ದು ಬಾವಿಕಟ್ಟೆಯಲ್ಲಿ ಮಾತ್ರ. ಅವನು ಗಂಟು ಬಿಗಿಯುತ್ತಿದ್ದ, ಬಿಚ್ಚಿ ಮತ್ತೆ ಬಿಗಿಯುತ್ತಿದ್ದ. ಅವನ ಬೆರಳು ನನ್ನ ಸೊಂಟಕ್ಕೆ ತಾಗಿದಾಗ ಇಬ್ಬರೂ ಬೇರೆ ಕಡೆ ನೋಡುತ್ತಿದ್ದೆವು. ಒಂದು ದಿನ ನಾನು ಕೆಳಗಿದ್ದಾಗ, ಬುಟ್ಟಿ ಇಳಿಸುತ್ತ ಅವನು ಮೇಲಿನಿಂದ ಕೇಳಿದ. ಎದುರಿಗೆ ಕೇಳಲು ಆಗಿರಲಿಲ್ಲವೇನೋ.

“ಮಾಳವ್ವಾ, ನೀರು ಕೊಟ್ಟದ್ದು ನನ್ನ ಸಲುವಾಗೋ, ಅಂವಗ ನೀರಡಿಸಿತ್ತಂತೋ?”

ಬಾವಿಯ ಗೋಡೆಗಳು ಆ ಮಾತನ್ನು ನನ್ನ ಸುತ್ತ ತಿರುಗಿಸಿದವು. ನಾನು ಕೆಸರಿನಲ್ಲಿ ನಿಂತು ಯೋಚಿಸಿದೆ. ನೀರಿನ ಕೊಡದ ಕಡೆ ನಡೆದಾಗ ನನ್ನ ಮನಸ್ಸಿನಲ್ಲಿ ಏನಿತ್ತು? ಗಂಡ ಇದ್ದನೆ? ಆ ಒಣ ನಾಲಗೆ ಇತ್ತೆ? ‘ನೀ ನನ್ನ ಜಾಗಾದಾಗ ಇದ್ದರ’ ಎಂದ ಲಗಮವ್ವ ಇದ್ದಳೆ? ಹುಡುಕಿದಷ್ಟೂ ತಂಬಿಗೆಯ ತಣ್ಣನೆಯ ಹಿತ್ತಾಳೆ ಮಾತ್ರ ಕೈಗೆ ಸಿಗುತ್ತಿತ್ತು.

“ಗೊತ್ತಿಲ್ಲ,” ಎಂದೆ.

ಅವನು ಬುಟ್ಟಿಯನ್ನು ನನ್ನ ಕೈ ಮುಟ್ಟುವವರೆಗೆ ಇಳಿಸಿದ. ಬಳಿಕ, ತನ್ನ ಪಾಲಿನದನ್ನು ನಾನು ಕಿತ್ತುಕೊಂಡೆ ಎಂದ. ತಾನು ಆ ಮನೆಗೆ ಹೋಗಿದ್ದರೆ ಕೊಂದವನು ತಾನೇ ಎಂದಾದರೂ ತಿಳಿದಿರುತ್ತಿತ್ತು, ಆ ಮಕ್ಕಳಿಗೆ ರೊಟ್ಟಿ ಹಾಕುತ್ತ ಹಾಕುತ್ತ ಅದು ತೀರುತ್ತಿತ್ತು ಎಂದ. ಈಗ ಕೊಂದವನೂ ಅಲ್ಲ, ಕೊಲ್ಲದವನೂ ಅಲ್ಲ, ಬರೀ ರಾಟೆ ಹಿಡಿದವನು. ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಮಳೆಗಾಲದಲ್ಲಿ ಬಾವಿ ಕೆಲಸವಿರುವುದಿಲ್ಲ. ಶಿವಪುತ್ರ ಬೇರುಕೇರಿಯ ಕಟ್ಟೆಗೆ ಹೋಗಿ ತನ್ನ ನ್ಯಾಯ ಮಾಡಿರೆಂದು ಕೇಳಿದನಂತೆ. ಅಲ್ಲಿನ ಹಿರಿಯರು, ಉಸಿರು ನಮ್ಮಲ್ಲಿ ನಿಂತಿಲ್ಲ, ನಮ್ಮಲ್ಲಿ ನಿಂತಿದ್ದರೂ ನಾವು ನಿನ್ನನ್ನು ದಾಟಿ ಹಿಂದೆ ಹೋಗುತ್ತಿದ್ದೆವು, ನಿನ್ನ ಬಳಿ ನಿಲ್ಲುತ್ತಿರಲಿಲ್ಲ ಎಂದರಂತೆ. ತುದಿಕೇರಿಗೆ ಬಂದು ಪಾರಿಸಣ್ಣನ ಕಾಲು ಹಿಡಿದ. ಕೊನೆಯ ಕೈ ಸಿಕ್ಕಾಗಿದೆ, ಒಂದು ಸಾವಿಗೆ ಎರಡು ಕೈ ಕೊಡಲು ಬರುವುದಿಲ್ಲ ಎಂದು ಪಾರಿಸಣ್ಣ ಅವನನ್ನು ಎಬ್ಬಿಸಿ, ಬೆಲ್ಲ ನೀರು ಕೊಟ್ಟು ಕಳಿಸಿದ. ಇದನ್ನೆಲ್ಲ ನನಗೆ ಹೇಳಿದವನು ಅಪ್ಪ. ಅಪ್ಪನಿಗೂ ಅದೇ ರೋಗ ಹತ್ತಿತ್ತು. ಹೊಸೆದ ಹಗ್ಗವನ್ನೇ ಬಿಚ್ಚಿ ಮತ್ತೆ ಹೊಸೆಯುತ್ತ ಕೂರುತ್ತಿದ್ದ. ಊರಿಗೆಲ್ಲ ಹಗ್ಗ ತಡವಾಗಿ ಸಿಗತೊಡಗಿತು.

ಮಳೆ ಮುಗಿದ ಮೇಲೆ ಒಂದು ಹಿತ್ತಿಲ ಬಾವಿಯಲ್ಲಿ ಗೋಡೆ ಜರಿದಿದೆ ಎಂದು ನಮ್ಮನ್ನು ಕರೆದರು. ಮನೆಯವರು ಹೊಲಕ್ಕೆ ಹೋಗಿದ್ದರು. ನಾನು ಕಚ್ಚೆ ಬಿಗಿದು ಕಟ್ಟೆ ಹತ್ತಿದಾಗ ಶಿವಪುತ್ರ ಹಗ್ಗವನ್ನು ನನ್ನ ಸೊಂಟಕ್ಕೆ ಕಟ್ಟಲಿಲ್ಲ. ತನ್ನ ಸೊಂಟಕ್ಕೆ ಕಟ್ಟಿಕೊಂಡ. ಪದ್ಧತಿಯ ಪ್ರಕಾರ ಅದು ತಪ್ಪು, ಇಳಿಯಬೇಕಾದವಳು ನಾನು. ಬೇಡವೆಂದೆ. ಅವನು ಅಂಗಿ ಕಳಚಿ ಕಟ್ಟೆಯ ಮೇಲಿಟ್ಟ.

“ಒಂದ ಸಲ ನಾ ಕೆಳಗ ಇರಬೇಕು. ನೀ ಹಿಡಿ,” ಎಂದ.

ನಾನು ರಾಟೆ ಹಿಡಿದೆ. ಅವನ ಭಾರ ಕೈಗೆ ಬಂತು. ಅಷ್ಟು ವರ್ಷ ಜೊತೆಗಿದ್ದರೂ ಅವನ ಭಾರ ಎಷ್ಟೆಂದು ನನಗೆ ಗೊತ್ತಿರಲಿಲ್ಲ. ಇಳಿದ, ಬುಟ್ಟಿ ತುಂಬಿಸಿದ, ಎಳೆದು ಸುರಿದೆ. ಮತ್ತೆ ಇಳಿಸಿದೆ. ಹೊತ್ತು ಏರಿತು. ಒಮ್ಮೆ ನಾನು ಬುಟ್ಟಿ ಸುರಿದು ತಿರುಗುವಷ್ಟರಲ್ಲಿ ಒಳಗೆ ಕಲ್ಲು ಜಾರಿದ ಸದ್ದಾಯಿತು. ಅದರ ಹಿಂದೆಯೇ ಅವನ ಕೂಗು. ಎಳೆ ಎಂದನೋ, ತಡೆ ಎಂದನೋ, ನನ್ನ ಹೆಸರು ಹಿಡಿದು ಕೂಗಿದನೋ, ನನಗೆ ತಿಳಿಯಲಿಲ್ಲ. ಮೇಲೆ ಬಂದದ್ದು ಬರೀ ಸದ್ದು. ನಾನು ಅವನ ಸೊಂಟದ ಹಗ್ಗ ಹಿಡಿದು ಎಳೆದೆ. ಹಗ್ಗ ಒಂದು ಕ್ಷಣ ಬಂಡೆಗೆ ಕಟ್ಟಿದಂತೆ ನಿಂತಿತು. ಇನ್ನೂ ಎಳೆದೆ. ಏನೋ ಕಿತ್ತುಬಂದ ಹಾಗೆ ಸಡಿಲಾಯಿತು, ಅವನು ಮೇಲೆ ಬಂದ.

ಅವನನ್ನು ಕಟ್ಟೆಯ ಮೇಲೆ ಎಳೆದುಹಾಕಿದಾಗ ಎಡಗಾಲು ಮೊಣಕಾಲಿನ ಕೆಳಗೆ ತಿರುಚಿಕೊಂಡಿತ್ತು, ಮೂಳೆ ಕಾಣುತ್ತಿತ್ತು. ಪಾದ ಕಲ್ಲಿನಡಿ ಸಿಕ್ಕಿಬಿದ್ದಾಗಲೇ ನಾನು ಎಳೆದಿದ್ದೆ. ನನ್ನ ಸೆರಗು ಹರಿದು ಕಟ್ಟಿದೆ. ಒಳಗೆ ಇನ್ನೂ ಕಲ್ಲುಗಳು ಬೀಳುತ್ತಿದ್ದವು, ನೀರು ಸದ್ದು ಮಾಡುತ್ತಿತ್ತು. ಅವನು ಬಿಳಿಚಿಕೊಂಡಿದ್ದ, ಆದರೆ ಎಚ್ಚರವಿತ್ತು. ನನ್ನ ಎರಡೂ ಕೈ ಹಿಡಿದು ತಿರುಗಿಸಿ ನೋಡಿದ. ಅಂಗೈ ಸುಲಿದು ರಕ್ತ ಬಂದಿತ್ತು.

“ಏನು ಕೂಗಿದಿ ನೀ?” ಎಂದು ಕೇಳಿದೆ.

“ನೆನಪಿಲ್ಲ,” ಎಂದ. ಆಮೇಲೆ ಕೇಳಿದ, “ನೀ ಯಾಕ ಎಳದಿ?”

“ಕೈ ಎಳೀತು.”

“ಏನರ ಅಂದುಕೊಂಡಿ ಏನು, ಎಳಿಯೂ ಮುಂದ?”

“ಇಲ್ಲ. ಕೈ ಎಳೀತು, ಅಷ್ಟ.”

ಅವನು ನನ್ನ ಕೈಗಳನ್ನು ತನ್ನ ಮುಖಕ್ಕೆ ಒತ್ತಿಕೊಂಡ. ದ್ಯಾಮಣ್ಣ ಬಿದ್ದಾಗಿನಿಂದ ಅವನು ಅತ್ತದ್ದನ್ನು ನಾನು ನೋಡಿರಲಿಲ್ಲ. ಎಳೆದದ್ದಕ್ಕೆ ಕಾಲು ಹೋಯಿತೋ, ಎಳೆದದ್ದಕ್ಕೆ ಜೀವ ಉಳಿಯಿತೋ ಎಂದು ನಾನೂ ಕೇಳಲಿಲ್ಲ, ಅವನೂ ಕೇಳಲಿಲ್ಲ. ಸತ್ತಿರಲಿಲ್ಲವಾದ್ದರಿಂದ ಯಾವ ಕಟ್ಟೆಯೂ ಕೇಳಲಿಲ್ಲ.

ಆ ಕಾಲು ಸರಿಹೋಗಲಿಲ್ಲ. ನಿಂತು ರಾಟೆ ತಿರುಗಿಸುವುದು ಅವನಿಗೆ ಇನ್ನಾಗುವುದಿಲ್ಲ. ನಮ್ಮ ಮನೆಗೆ ಬೀಗ ಹಾಕಿ ಅಪ್ಪನ ಹತ್ತಿರ ಹೋದ. ಈಗ ಇಬ್ಬರೂ ಎದುರುಬದುರು ಕೂತು ನಾರು ಹೊಸೆಯುತ್ತಾರೆ. ನಾನು ಓಣಿಯ ಈಚೆ ನಿಂತರೆ ಅಂಗಳದಲ್ಲಿ ಕಾಣುತ್ತಾರೆ. ಕೈ ಎತ್ತುತ್ತಾನೆ, ನಾನೂ ಎತ್ತುತ್ತೇನೆ. ಅವನು ಮೊದಲಿಗಿಂತ ನೆಮ್ಮದಿಯಾಗಿದ್ದಾನೆಯೇ ಎಂದರೆ ಹೇಳಲಾರೆ. ಉಣ್ಣುತ್ತಾನೆ, ನಿದ್ದೆ ಮಾಡುತ್ತಾನೆ ಎಂದು ಅಪ್ಪ ಹೇಳುತ್ತಾನೆ. ಕಸ್ತೂರಿ ದೊಡ್ಡವಳಾಗಲು ಇನ್ನೂ ಬಹಳ ವರ್ಷಗಳಿವೆ. ಅಷ್ಟರಲ್ಲಿ ನಮ್ಮಿಬ್ಬರಲ್ಲಿ ಯಾರು ಯಾವ ಕೇರಿಯಲ್ಲಿ ಉಸಿರು ಬಿಡುತ್ತೇವೋ.

ರಾಟೆಗೆ ಆಳು ಸಿಗಲಿಲ್ಲ. ರಾಟೆಯ ಮೇಲೆ ಒಂಟಿ ಕೈ ಒಳ್ಳೆಯದಲ್ಲ, ಏನಾದರೂ ಆದರೆ ಅದೇ ಕೊನೆಯ ಕೈ ಎಂದು ಗಂಡಸರೆಲ್ಲ ಹಿಂದೆ ಸರಿದರು. ಕೆಲಸ ನಿಂತರೆ ಮಕ್ಕಳಿಗೆ ಊಟವಿಲ್ಲ. ಕೊನೆಗೆ ಲಗಮವ್ವನೇ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಗಂಟನ್ನು ತಾನೇ ಬಿಗಿದಳು. ಅವಳ ಮನೆಯಲ್ಲಿ ಅಷ್ಟು ಕಾಲ ಒಂದೇ ಒಲೆಯ ಅನ್ನ ಉಂಡಿದ್ದರೂ ಆ ಮಧ್ಯಾಹ್ನದ ಮಾತನ್ನು ಅವಳು ಎಂದೂ ಎತ್ತಿರಲಿಲ್ಲ. ನಾನು ಕಟ್ಟೆಯಿಂದ ಕಾಲು ಇಳಿಬಿಟ್ಟು ಕೂತಿದ್ದೆ. ಅವಳು ರಾಟೆಯ ಹಿಡಿಗೆ ಕೈ ಹಾಕಿ, ಹಾಕಿದ ಕೈಯನ್ನೇ ನೋಡುತ್ತ ನಿಂತಳು.

“ಅವತ್ತ ನಾ ಗ್ವಾಡಿ ಕಡೆ ಮಾರಿ ಮಾಡಿ ಕುಂತಿದ್ದೆ,” ಎಂದಳು. “ನೀರು ಕುಡದು ಅಂವ ಏನರ ಅಂದನೇನು?”

“ನೀರು ಸಿಹಿ ಐತಿ, ಯಾವ ಬಾವೀದು ಅಂತ ಕೇಳಿದ.”

“ನೀ ಏನಂದಿ?”

“ನಿಮ್ಮ ಹಿತ್ತಲದ್ದ, ನೀನ ಹೂಳು ತಗದದ್ದು ಅಂದೆ.”

ಲಗಮವ್ವ ತಲೆಯಾಡಿಸಿದಳು. ಬಳಿಕ ಕಾಲುಗಳನ್ನು ಅಗಲಿಸಿ ಗಟ್ಟಿಯಾಗಿ ನಿಂತು, ಹಗ್ಗ ಬಿಗಿಯಾಗಿದೆಯೇ ಎಂದು ಒಮ್ಮೆ ಜಗ್ಗಿ ನೋಡಿ, “ಇಳಿ” ಎಂದಳು.